ಹಾಟ್‌ಮೇಲ್ ಹುಟ್ಟಿದ್ದು ಬಾಸ್ ಕಣ್ಣು ತಪ್ಪಿಸಲು

2002ರ ಮಾತು. ಮುಂಬೈಯ ನಮ್ಮ ಬ್ಯಾಂಕ್ ಶಾಖೆಯಲ್ಲಿ ಇಂಟರ್‌ನೆಟ್ ಇದ್ದದ್ದು ಒಂದೇ ಕಂಪ್ಯೂಟರಿಗೆ. ಅದರಲ್ಲಿ ಸ್ವಂತ ಮೇಲ್ ನೋಡಕೂಡದು ಅಂತ ಸುತ್ತೋಲೆ ಬಂತು. ನೋಟೀಸ್ ಬೋರ್ಡಿಗೆ ಅಂಟಿಸಿದವನು ನಾನೇ. ಊಟದ ಬಿಡುವಿನಲ್ಲಿ ಹಾಟ್‌ಮೇಲ್ ತೆರೆದು, ತಂಗಿ ಧಾರವಾಡದ ಸೈಬರ್ ಕೆಫೆಯಿಂದ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದ ಕನ್ನಡ ಓದುತ್ತಿದ್ದವನೂ ನಾನೇ!

ಹಾಟ್‌ಮೇಲ್ ಹುಟ್ಟಿದ ಕತೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಇಬ್ಬರೂ ಅಮೆರಿಕದಲ್ಲಿ ಒಂದೇ ಕಂಪನಿಯ ನೌಕರರು. ಸ್ವಂತ ಕಂಪನಿ ಕಟ್ಟುವ ಆಸೆ. ಅದನ್ನು ಆಫೀಸಿನ ಮೇಲ್‌ನಲ್ಲಿ ಬರೆದರೆ ಬಾಸ್ ಓದಿಬಿಟ್ಟಾರೆಂಬ ಅಳುಕು. ಫೈರ್‌ವಾಲ್ ಇದ್ದುದರಿಂದ ಸ್ವಂತ ಮೇಲ್ ತೆರೆಯುತ್ತಿರಲಿಲ್ಲ. ಬರೀ ಬ್ರೌಸರ್‌ನಲ್ಲೇ ಮೇಲ್ ನೋಡುವಂತಿದ್ದರೆ? 1996ರ ಜುಲೈ 4ಕ್ಕೆ ಹಾಟ್‌ಮೇಲ್ ಬಂತು, 1997ರ ಕೊನೆಗೆ ಮೈಕ್ರೋಸಾಫ್ಟ್ ಪಾಲಾಯಿತು.

ಕಂಪನಿಗಳು ಸುಮ್ಮನಿದ್ದಾವೆಯೇ? ಸೈಟು ಮುಚ್ಚಿದವು, ನಿಗಾ ಇಟ್ಟವು. ರೊಮೇನಿಯಾದ ಬರ್ಬುಲೆಸ್ಕು ಎಂಬ ಇಂಜಿನಿಯರ್, ಗಿರಾಕಿಗಳಿಗೆ ಉತ್ತರಿಸಲೆಂದು ತೆರೆದ ಯಾಹೂ ಮೆಸೆಂಜರ್‌ನಲ್ಲಿ ಸಹೋದರ ಮತ್ತು ಮದುವೆಯಾಗಲಿದ್ದ ಹುಡುಗಿಯೊಡನೆ ಹರಟಿದ್ದ. ಕಂಪನಿ 45 ಪುಟ ತೆಗೆದು ಮುಂದಿಟ್ಟು, 2007ರಲ್ಲಿ ಕೆಲಸದಿಂದ ಕಿತ್ತುಹಾಕಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2017ರಲ್ಲಿ 11-6 ಮತಗಳಿಂದ ಅವನ ಪರ ನಿಂತಿತು. ಓದುತ್ತೇವೆಂದು ಅವನಿಗೆ ಮೊದಲೇ ತಿಳಿಸಿದ್ದರೇ ಎಂಬುದನ್ನೇ ಅಲ್ಲಿನ ಕೋರ್ಟುಗಳು ವಿಚಾರಿಸಿರಲಿಲ್ಲವಂತೆ.

ನಮ್ಮ ಸುತ್ತೋಲೆಯಲ್ಲೂ ಅಷ್ಟೇ, ನೋಡಕೂಡದು ಅಂತಿತ್ತು. ನಾವು ನೋಡುತ್ತೇವೆ ಅಂತಿರಲಿಲ್ಲ. ಒಂದು ಸಂಜೆ ಮಂಗಳೂರು ಕಡೆಯ ನಮ್ಮ ಮ್ಯಾನೇಜರು ಕನ್ನಡದಲ್ಲೇ ಕೇಳಿದರು, "ತಂಗಿಯ ಮದುವೆ ಮಾತು ಎಲ್ಲಿಗೆ ಬಂತು ಮಾರಾಯ್ರೆ?"

ನಾನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ.