ಕೆನ್ಶಿ ಯೋನೆಜು: ಹಾಡುಗಳು ಬೆಳೆದ ಬಗೆ

ಜಪಾನಿನ ಪಾಪ್-ರಾಕ್ ಗಾಯಕ ಕೆನ್ಶಿ ಯೋನೆಜು ಅವರಿಗೆ ಮೊದಲು ಹೆಸರು ತಂದ ಹಾಡುಗಳಲ್ಲಿ ಅವರ ದನಿಯೇ ಇಲ್ಲ. 1991ರಲ್ಲಿ ಶಿಕೊಕು ದ್ವೀಪದ ತೊಕುಶಿಮಾದಲ್ಲಿ ಹುಟ್ಟಿದ ಅವರು 2009ರಿಂದ ‘ಹಾಚಿ’ ಎಂಬ ಹೆಸರಿನಲ್ಲಿ ನಿಕೊನಿಕೊ ವಿಡಿಯೊ ತಾಣಕ್ಕೆ ಹಾಡುಗಳನ್ನು ಏರಿಸುತ್ತಿದ್ದರು. ಹಾಡುತ್ತಿದ್ದದ್ದು ಕಂಪ್ಯೂಟರು. ಯಮಾಹಾ ಕಂಪನಿಯ ವೋಕಲಾಯ್ಡ್ ತಂತ್ರಾಂಶಕ್ಕೆ ಸ್ವರವನ್ನೂ ಸಾಹಿತ್ಯವನ್ನೂ ತುಂಬಿಕೊಟ್ಟರೆ ಅದು ಹಾಡಿಬಿಡುತ್ತದೆ. ಸಪ್ಪೊರೊದ ಕ್ರಿಪ್ಟನ್ ಕಂಪನಿ 2007ರಲ್ಲಿ ಈ ತಂತ್ರಾಂಶಕ್ಕೆ ‘ಹತ್ಸುನೆ ಮಿಕು’ ಎಂಬ ಹುಡುಗಿಯ ದನಿಯನ್ನೂ ರೂಪವನ್ನೂ ಕೊಟ್ಟಿತು. ಗಾಯಕಿಯಾಗಲಿ ಸ್ಟುಡಿಯೊ ಆಗಲಿ ಕೈಗೆಟುಕದ ಹುಡುಗ ಹುಡುಗಿಯರು ಅಲ್ಲಿಂದ ಮುಂದೆ ಮನೆಯ ಕೋಣೆಯಲ್ಲೇ ಕೂತು ಹಾಡು ಕಟ್ಟತೊಡಗಿದರು. ಹಾಚಿ ಅವರಲ್ಲಿ ಒಬ್ಬರು.

2010ರ ‘ಮಾತ್ರ್ಯೋಷ್ಕಾ’ ಮತ್ತು 2011ರ ‘ಪಾಂಡಾ ಹೀರೊ’ ಈ ಹಂತದ ಪ್ರಸಿದ್ಧ ಹಾಡುಗಳು. ಮೊದಲನೆಯದರಲ್ಲಿ ಮಿಕು ಮತ್ತು ಗುಮಿ ಎಂಬ ಎರಡು ಯಂತ್ರಕಂಠಗಳು ಒಂದರ ಮೇಲೊಂದು ಬೀಳುತ್ತವೆ. ಯಂತ್ರಕ್ಕೆ ಉಸಿರು ತೆಗೆದುಕೊಳ್ಳುವ ಅಗತ್ಯವಿಲ್ಲವಾದ್ದರಿಂದ ಒಂದೊಂದು ಸಾಲಿನಲ್ಲೂ ಅಕ್ಷರಗಳನ್ನು ಒತ್ತೊತ್ತಾಗಿ ತುರುಕಬಹುದಿತ್ತು, ಸ್ವರವನ್ನು ಇದ್ದಕ್ಕಿದ್ದಂತೆ ಮೇಲಕ್ಕೆ ಎಗರಿಸಬಹುದಿತ್ತು. ಹಾಚಿ ಈ ಸ್ವಾತಂತ್ರ್ಯವನ್ನು ಧಾರಾಳವಾಗಿ ಬಳಸಿಕೊಂಡರು. ಈ ಹಾಡುಗಳಲ್ಲಿ ಗಿಟಾರು ಕುಂಟುತ್ತ ಓಡುತ್ತದೆ. ಸಾಹಿತ್ಯ ಮಕ್ಕಳ ಆಟದ ಪದದಂತೆ ತೋರಿದರೂ ಒಳಗೊಂದು ಕೇಡಿನ ಛಾಯೆ ಇರುತ್ತದೆ. ಹಾಡಲು ಕಷ್ಟವೆಂಬ ಕಾರಣಕ್ಕೇ ಅಭಿಮಾನಿಗಳು ಇವನ್ನು ಹಟ ಹಿಡಿದು ಹಾಡಿದರು.

2012ರ ‘ಡಯೊರಾಮಾ’ ಆಲ್ಬಮ್ಮಿನಲ್ಲಿ ಅವರು ಸ್ವಂತ ಹೆಸರಿನಿಂದ, ಸ್ವಂತ ಕಂಠದಿಂದ ಮುಂದೆ ಬಂದರು. ವಾದ್ಯ, ಧ್ವನಿಮಿಶ್ರಣ, ಮುಖಪುಟದ ಚಿತ್ರ ಹೆಚ್ಚುಕಡಿಮೆ ಎಲ್ಲವೂ ಅವರದೇ. ಕಂಠ ಮಾತ್ರ ಇನ್ನೂ ಅಂಜುತ್ತಿತ್ತು. ಯಂತ್ರಕ್ಕೆಂದು ರೂಢಿಯಾದ ವೇಗವನ್ನು ಮನುಷ್ಯನ ಗಂಟಲು ಹಿಂಬಾಲಿಸಲು ಏಗುವುದು ಕೇಳಿಸುತ್ತದೆ. ಮರುವರ್ಷ ದೊಡ್ಡ ಕಂಪನಿಯೊಂದರ ಮೂಲಕ ಬಂದ ‘ಸಾಂತಾ ಮರಿಯಾ’ದಲ್ಲಿ ನಡೆ ನಿಧಾನವಾಯಿತು. 2014ರ ‘ಯಾಂಕೀ’, 2015ರ ‘ಬ್ರೆಮೆನ್’ ಆಲ್ಬಮ್ಮುಗಳಲ್ಲಿ ಅವರ ತಗ್ಗುಸ್ಥಾಯಿಯ, ತುಸು ಒರಟಾದ ದನಿ ಒಂದು ನೆಲೆ ಕಂಡುಕೊಂಡಿತು. ಜನರೆದುರು ಅವರು ಮೊದಲ ಬಾರಿ ಹಾಡಿದ್ದು 2014ರಲ್ಲಿ. 2016ರ ‘ಲೂಸರ್’ ಹಾಡಿನ ವಿಡಿಯೊದಲ್ಲಿ ಕುಣಿದೂ ಬಿಟ್ಟರು.

ಮುಂದಿನ ಬೆಳವಣಿಗೆ ಅರ್ಥವಾಗಬೇಕಾದರೆ ಜಪಾನಿನ ‘ಟೈ-ಅಪ್’ ಪದ್ಧತಿಯನ್ನು ಗಮನಿಸಬೇಕು. ಧಾರಾವಾಹಿ, ಅನಿಮೆ, ಸಿನಿಮಾ, ಜಾಹೀರಾತುಗಳಿಗೆ ಗಾಯಕರಿಂದ ಹೊಸ ಹಾಡು ಬರೆಯಿಸಿಕೊಳ್ಳುವುದು ಅಲ್ಲಿನ ಉದ್ಯಮದ ಬೆನ್ನೆಲುಬು. ಇದನ್ನು ಬರೀ ವ್ಯಾಪಾರವೆಂದು ಮೂಗು ಮುರಿಯುವುದು ಸುಲಭ. ಯೋನೆಜು ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ. ಚಿಕ್ಕಂದಿನಲ್ಲಿ ಮಾಂಗಾ ಚಿತ್ರಕಾರನಾಗಬೇಕೆಂದಿದ್ದ ಅವರಿಗೆ ಬೇರೆಯವರ ಕಥೆಯೊಳಗೆ ಹೊಕ್ಕು ಬರೆಯುವುದು ಒಗ್ಗಿಬಂತು. 2017ರಲ್ಲಿ ಅನಿಮೆಗಳಿಗೆ ಬರೆದ ‘ಓರಿಯಾನ್’, ‘ಪೀಸ್ ಸೈನ್’, ದಾವೊಕೊ ಎಂಬ ಗಾಯಕಿಯೊಂದಿಗೆ ಹಾಡಿದ ‘ಉಚಿಆಗೆ ಹನಾಬಿ’ ಮೂರೂ ಗೆದ್ದವು. ಅದೇ ವರ್ಷ ಮಿಕುವಿನ ಹತ್ತನೆಯ ವರ್ಷದ ಉತ್ಸವಕ್ಕೆ ಹಾಚಿ ಹೆಸರಿನಲ್ಲೇ ‘ಸುನಾ ನೊ ವಾಕುಸೆಯ್’ (ಮರಳಿನ ಗ್ರಹ) ಬರೆದುಕೊಟ್ಟರು. ಹುಟ್ಟುಹಬ್ಬಕ್ಕೆ ಕರೆದರೆ ಮರಳುಗಾಡಿನ ಹಾಡು ತಂದರೆಂದು ಆ ವಲಯದಲ್ಲಿ ದೊಡ್ಡ ಚರ್ಚೆಯೇ ನಡೆಯಿತು.

‘ಲೆಮನ್’ ಬಂದದ್ದು 2018ರಲ್ಲಿ. ಅಸಹಜ ಸಾವುಗಳ ಕಾರಣ ಹುಡುಕುವ ಶವಪರೀಕ್ಷಾ ವೈದ್ಯೆಯ ಕಥೆಯಾದ ‘ಅನ್‌ನ್ಯಾಚುರಲ್’ ಧಾರಾವಾಹಿಗೆ ಅದನ್ನು ಬರೆಯುತ್ತಿದ್ದಾಗಲೇ ಯೋನೆಜು ಅವರ ಅಜ್ಜ ತೀರಿಕೊಂಡರು. ಒಪ್ಪಿಕೊಂಡ ಕೆಲಸವೂ ಮನೆಯ ದುಃಖವೂ ಒಂದೇ ಹಾಡಿನಲ್ಲಿ ಸೇರಿದವು. ಅಗಲಿದವರ ನೆನಪನ್ನು ಅದು ನಿಂಬೆಯ ವಾಸನೆಯಲ್ಲಿ, ಕಹಿಯಲ್ಲಿ ಹಿಡಿಯುತ್ತದೆ; ಸಮಾಧಾನದ ಮಾತಿಗೆ ಕೈ ಹಾಕುವುದಿಲ್ಲ. ರಾಗ ಹಳೆಯ ಜಪಾನಿ ಜನಪ್ರಿಯ ಗೀತೆಗಳ ಹತ್ತಿರದ್ದು, ಅಡಿಯಲ್ಲಿರುವ ತಾಳ ಹಿಪ್-ಹಾಪಿನದು. ಪಲ್ಲವಿಗೆ ಮುಂಚಿನ ಸಾಲುಗಳ ನಡುವೆ ‘ವ್ಹೆ’ ಎಂಬಂಥ ಒಂದು ತುಂಡು ಕೂಗು ಮತ್ತೆ ಮತ್ತೆ ತೂರಿಬರುತ್ತದೆ. ಶೋಕಗೀತೆಯಲ್ಲಿ ಇದೇಕೆ ಎಂದು ಹಲವರು ಹುಬ್ಬೇರಿಸಿದರು. ಆ ಕೂಗನ್ನು ತೆಗೆದುಬಿಟ್ಟರೆ ಹಾಡು ನಯವಾಗುತ್ತಿತ್ತು, ಅಳುಬುರುಕೂ ಆಗುತ್ತಿತ್ತು. ಬಿಲ್‌ಬೋರ್ಡ್ ಜಪಾನ್ ವಾರ್ಷಿಕ ಪಟ್ಟಿಯಲ್ಲಿ 2018 ಮತ್ತು 2019 ಎರಡೂ ವರ್ಷ ‘ಲೆಮನ್’ಗೇ ಮೊದಲ ಸ್ಥಾನ, ಹೀಗೆ ಸತತ ಎರಡು ವರ್ಷ ಬೇರೆ ಯಾವ ಹಾಡೂ ಅಲ್ಲಿ ನಿಂತಿರಲಿಲ್ಲ. ಯೂಟ್ಯೂಬಿನಲ್ಲಿ ಅದರ ವೀಕ್ಷಣೆ 80 ಕೋಟಿ ದಾಟಿದೆ. ಟಿವಿಯಲ್ಲಿ ನೇರವಾಗಿ ಹಾಡದೆ ದೂರ ಉಳಿದಿದ್ದ ಯೋನೆಜು, 2018ರ ಡಿಸೆಂಬರ್ 31ರಂದು ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್ಎಚ್‌ಕೆಯ ‘ಕೊಹಾಕು’ ಸಂಗೀತ ಸ್ಪರ್ಧೆಗೆ ತಮ್ಮ ಊರಿನ ಸೀಮೆಯಿಂದಲೇ ಹಾಡಿದರು. ನರುತೊದ ಓತ್ಸುಕಾ ಕಲಾ ಸಂಗ್ರಹಾಲಯದಲ್ಲಿ, ಸಿಸ್ಟೀನ್ ಪ್ರಾರ್ಥನಾ ಮಂದಿರದ ಪ್ರತಿಕೃತಿಯಲ್ಲಿ, ಮೇಣದ ಬತ್ತಿಗಳ ನಡುವೆ.

ಅದೇ 2018ರಲ್ಲಿ ಎನ್ಎಚ್‌ಕೆಗಾಗಿ, 2020ರ ಟೋಕಿಯೊ ಒಲಿಂಪಿಕ್ ಕ್ರೀಡೆಗಳನ್ನು ಮನಸ್ಸಿನಲ್ಲಿಟ್ಟು, ‘ಪಪ್ರಿಕಾ’ ಬರೆದರು. ಹಾಡಿದ್ದು ‘ಫೂರಿನ್’ ಎಂಬ ಐವರು ಮಕ್ಕಳ ತಂಡ. ರಾಗದಲ್ಲಿ ಬಹುಮಟ್ಟಿಗೆ ನಾಲ್ಕನೆಯ ಮತ್ತು ಏಳನೆಯ ಸ್ವರ ಬಿಟ್ಟ ಐದೇ ಸ್ವರಗಳಿವೆ. ಜಪಾನಿನ ಶಾಲಾಗೀತೆಗಳ ಈ ಶ್ರೇಣಿಯಲ್ಲಿ ಕರ್ನಾಟಕ ಸಂಗೀತದ ಕಿವಿಗೆ ಮೋಹನ ರಾಗದ ಸ್ವರಗಳೇ ಕೇಳಿಸುತ್ತವೆ. ಬೆಟ್ಟ, ಬೇಸಿಗೆ, ಹೂವು ಎಂದು ಸಾಗುವ ಹಾಡು ದೇಶದ ಶಾಲೆಗಳಲ್ಲೆಲ್ಲ ಕುಣಿತದೊಂದಿಗೆ ಹಬ್ಬಿತು, 2019ರ ಜಪಾನ್ ರೆಕಾರ್ಡ್ ಪ್ರಶಸ್ತಿಯನ್ನೂ ಗೆದ್ದಿತು. ನಟ ಮಸಾಕಿ ಸುದಾ ಅವರಿಗೆ ಕೊಟ್ಟ ‘ಮಚಿಗಾಯ್ ಸಗಾಶಿ’ ಕೂಡ ಇದೇ ಕಾಲದ್ದು. 2019ರ ‘ಉಮಿ ನೊ ಯೂರೆಯ್’ ಹಾಡಿನಲ್ಲಿ ಅವರು ತಮ್ಮ ದನಿಯನ್ನೇ ಕಂಪ್ಯೂಟರಿನಲ್ಲಿ ಹಲವಾಗಿ ಒಡೆದು ಮೇಳ ಕಟ್ಟಿದರು. ಯಂತ್ರಕಂಠ ಹೀಗೆ ಹಿತ್ತಿಲ ಬಾಗಿಲಿನಿಂದ ಮರಳಿ ಬಂತು.

2020ರ ಆಗಸ್ಟಿನ ‘ಸ್ಟ್ರೇ ಶೀಪ್’ ಆಲ್ಬಮ್ಮಿನಲ್ಲಿ ‘ಲೆಮನ್’, ರಗ್ಬಿ ಧಾರಾವಾಹಿಗೆ ಬರೆದ ‘ಉಮಾ ತೊ ಶಿಕಾ’, ‘ಕಾಂದೆನ್’ ಮತ್ತು ಸ್ವತಃ ಹಾಡಿದ ‘ಪಪ್ರಿಕಾ’ ಎಲ್ಲವೂ ಸೇರಿದವು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಆವರೆಗೆ ಸ್ಟ್ರೀಮಿಂಗಿಗೆ ಕೊಡದಿದ್ದ ಹಾಡುಗಳನ್ನೂ ಆಲ್ಬಮ್ ಬಂದ ದಿನವೇ ಬಿಟ್ಟುಕೊಟ್ಟರು.

ಹೊರದೇಶಗಳ ಕೇಳುಗರು ದೊಡ್ಡ ಸಂಖ್ಯೆಯಲ್ಲಿ ದೊರೆತದ್ದು ಆಮೇಲೆ. ‘ಚೈನ್‌ಸಾ ಮ್ಯಾನ್’ ಅನಿಮೆಗೆ 2022ರಲ್ಲಿ ಬರೆದ ‘ಕಿಕ್ ಬ್ಯಾಕ್’ನ ವಾದ್ಯಸಂಯೋಜನೆಯಲ್ಲಿ ಕಿಂಗ್ ನೂ ತಂಡದ ದೈಕಿ ತ್ಸುನೆತಾ ಕೈಜೋಡಿಸಿದ್ದರು; ಮಾರ್ನಿಂಗ್ ಮುಸುಮೆ ಹುಡುಗಿಯರ ತಂಡದ ಹಳೆಯ ಹಾಡೊಂದರ ತುಣುಕನ್ನೂ ಅದರೊಳಗೆ ಸಿಕ್ಕಿಸಲಾಗಿದೆ. ಹಾಚಿಯ ಕಾಲದ ಗದ್ದಲ, ವೇಗ ಇಲ್ಲಿ ಪಳಗಿದ ಗಂಟಲಿನಲ್ಲಿ ಕೇಳುತ್ತದೆ. ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘದ ಚಿನ್ನದ ಮಾನ್ಯತೆ ಪಡೆದ ಮೊದಲ ಜಪಾನಿ ಭಾಷೆಯ ಹಾಡು ಇದು. ಇದಕ್ಕೆ ತದ್ವಿರುದ್ಧವಾದದ್ದು 2023ರಲ್ಲಿ ನಿರ್ದೇಶಕ ಹಯಾವೊ ಮಿಯಾಜಾಕಿ ಅವರ ‘ದ ಬಾಯ್ ಅಂಡ್ ದ ಹೆರನ್’ ಚಿತ್ರಕ್ಕೆ ಕೊಟ್ಟ ‘ಚಿಕ್ಯೂಗಿ’. ನಾಲ್ಕು ವರ್ಷ ಹಿಡಿದ ಈ ಹಾಡಿನಲ್ಲಿ ಪಿಯಾನೋ ಮತ್ತು ದನಿಯೇ ಮುಖ್ಯ. ಒಬ್ಬ ಮನುಷ್ಯನ ಹುಟ್ಟಿನಿಂದ ಇಳಿವಯಸ್ಸಿನವರೆಗಿನ ನಡಿಗೆಯನ್ನು ಅದು ಸಣ್ಣ ದನಿಯಲ್ಲಿ ಹೇಳುತ್ತದೆ. ಯೋನೆಜು ಅವರ ಒಟ್ಟು ಬರವಣಿಗೆಯಲ್ಲಿ ಇಷ್ಟು ಕಡಿಮೆ ಅಕ್ಷರಗಳ ಹಾಡು ವಿರಳ.

2024ರಲ್ಲಿ ಎನ್ಎಚ್‌ಕೆಯ ಬೆಳಗಿನ ಧಾರಾವಾಹಿಗೆ ‘ಸಯೊನಾರಾ ಮತಾ ಇತ್ಸುಕಾ’ ಬರೆದರು. ಧಾರಾವಾಹಿಯ ನಾಯಕಿ ಜಪಾನಿನ ಮೊದಲ ವಕೀಲೆಯರಲ್ಲೊಬ್ಬರಾದ ಯೊಶಿಕೊ ಮಿಬುಚಿ ಅವರ ಬದುಕಿನಿಂದ ರೂಪುಗೊಂಡವಳು. ಆ ಹಾಡನ್ನೂ ‘ಚಿಕ್ಯೂಗಿ’ಯನ್ನೂ ಒಳಗೊಂಡ ‘ಲಾಸ್ಟ್ ಕಾರ್ನರ್’ ಆಲ್ಬಮ್ ಅದೇ ವರ್ಷದ ಆಗಸ್ಟಿನಲ್ಲಿ ಹೊರಬಂತು. 2025ರ ‘ಚೈನ್‌ಸಾ ಮ್ಯಾನ್’ ಸಿನಿಮಾಕ್ಕೆ ಎರಡು ಹಾಡು ಕೊಟ್ಟರು. ‘ಐರಿಸ್ ಔಟ್’ ಅವರೊಬ್ಬರದೇ. ಕೊನೆಯಲ್ಲಿ ಬರುವ ‘ಜೇನ್ ಡೋ’ವನ್ನು ಪಾಪ್ ಕಲಾವಿದರಾದ ಹಿಕಾರು ಉತಾದಾ ಅವರೊಂದಿಗೆ ಹಾಡಿದ್ದಾರೆ, ಅದರಲ್ಲಿ ಮುಂದೆ ನಿಲ್ಲುವುದು ಉತಾದಾ ಅವರ ದನಿ.