ಸರಾಸರಿಯ ಮರೆಯಲ್ಲಿ

ಸರಾಸರಿ ಎಂಬುದು ಬಲು ಸಭ್ಯವಾದ ಅಂಕಿ. ಯಾರನ್ನೂ ನೋಯಿಸುವುದಿಲ್ಲ, ಯಾರ ಕಷ್ಟವನ್ನೂ ಹೇಳುವುದಿಲ್ಲ. ಭಾಲ್ಕಿಯಲ್ಲಿ ಒಂದು ವಾರ 10 ಸೆಂಟಿಮೀಟರ್ ಮಳೆ ಸುರಿದು, ಔರಾದ್‌ನಲ್ಲಿ ಹನಿಯೂ ಬೀಳಲಿಲ್ಲ ಎಂದುಕೊಳ್ಳಿ. ಕೂಡಿಸಿ ಭಾಗಿಸಿದರೆ ತಲಾ 5 ಸೆಂಟಿಮೀಟರ್. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಹೆಸರು, ಉದ್ದು ಬಿತ್ತಿ ಮುಗಿಲು ನೋಡುತ್ತ ಕುಳಿತ ಔರಾದ್ ಕಡೆಯ ಹೆಣ್ಣುಮಗಳು ಆ 5 ಸೆಂಟಿಮೀಟರನ್ನು ಯಾವ ಕೊಡದಲ್ಲಿ ತುಂಬಿಕೊಳ್ಳಬೇಕು?

ಇದು ಊಹೆಯ ಲೆಕ್ಕ. ನಿಜದ ಲೆಕ್ಕವೂ ಒಂದಿದೆ. 2011ರ ಜನಗಣತಿಯಲ್ಲಿ ಬೀದರ್ ಜಿಲ್ಲೆಯ ಸಾಕ್ಷರತೆ ಶೇಕಡಾ 70ಕ್ಕೆ ತುಸು ಮೇಲೆ. ಬಿಡಿಸಿ ನೋಡಿದರೆ ಗಂಡಸರದು 79, ಹೆಂಗಸರದು 61 ಚಿಲ್ಲರೆ. ಆ 70ರ ಬೆನ್ನ ಹಿಂದೆ ನಿಂತವರು ಯಾರೆಂದು ನಮಗೆ ಬೇರೆ ಹೇಳಬೇಕೆ?

ಅಂಕಿಗಳನ್ನು ಚಿತ್ರವಾಗಿಸಿ ಕಣ್ಣಿಗೆ ಕಾಣಿಸುವ ವಿದ್ಯೆ ಬೆಳೆದದ್ದೇ ಹೀಗೆ ಮರೆಯಾದದ್ದನ್ನು ಹೊರಗೆಳೆಯಲು. 1786ರಲ್ಲಿ ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು ವ್ಯಾಪಾರದ ಅಂಕಿಗಳನ್ನು ಗೆರೆಯಾಗಿ, ಪಟ್ಟಿಯಾಗಿ ಬರೆದು ತೋರಿಸಿದ. 1858ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್, ಸೈನಿಕರು ಗಾಯಕ್ಕಿಂತ ತಡೆಯಬಹುದಾದ ರೋಗಗಳಿಂದಲೇ ಹೆಚ್ಚು ಸತ್ತರೆಂಬುದನ್ನು ಹೂವಿನ ಎಸಳಿನಂಥ ಚಿತ್ರದಲ್ಲಿ ಅಧಿಕಾರಿಗಳ ಮುಂದಿಟ್ಟಳು. ದೀಪ ಹಿಡಿದ ದಾದಿಯನ್ನು ಬಲ್ಲ ನಾವು, ಲೇಖನಿ ಹಿಡಿದ ಆಕೆಯನ್ನು ಅಷ್ಟಾಗಿ ಬಲ್ಲೆವಲ್ಲ.

ಇನ್ನೊಬ್ಬಳನ್ನಂತೂ ಲೋಕವೇ ಮರೆತಿತ್ತು. ಅವಳು ಮೇರಿ ಎಲೀನರ್ ಸ್ಪಿಯರ್. ಅಮೆರಿಕದ ಸರ್ಕಾರಿ ಕಚೇರಿಗಳಲ್ಲಿ ಅಂಕಿ ಅಂಶಗಳಿಗೆ ಚಿತ್ರ ಬರೆಯುವುದು ಆಕೆಯ ಉದ್ಯೋಗ. 1952ರ ತನ್ನ ಪುಸ್ತಕದಲ್ಲಿ ಆಕೆ ಒಂದು ಸರಳ ಪಟ್ಟಿಯನ್ನು ತೋರಿಸಿದಳು. ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಬೇಕು. ತುದಿಯಿಂದ ತುದಿಗೆ ಒಂದು ಗೆರೆ. ನಡುವಿನ ಅರ್ಧಪಾಲು ಅಂಕಿಗಳಿರುವಷ್ಟಕ್ಕೆ ದಪ್ಪ ಪಟ್ಟಿ. ನಟ್ಟನಡುವಿನ ಅಂಕಿಗೆ ಒಂದು ಗುರುತು. ಅಷ್ಟರಲ್ಲೇ ಎಷ್ಟು ಅಂತರವಿದೆ, ತುದಿಗಳು ಎಲ್ಲಿವೆ ಎಂಬುದೆಲ್ಲ ಕಾಣುತ್ತದೆ. 1977ರಲ್ಲಿ ಜಾನ್ ಟ್ಯೂಕಿ ಎಂಬ ದೊಡ್ಡ ಸಂಖ್ಯಾಶಾಸ್ತ್ರಜ್ಞರು ಇಂಥದೇ ಚಿತ್ರವನ್ನು ತಿದ್ದಿ ತೀಡಿ ತಮ್ಮ ಪುಸ್ತಕದಲ್ಲಿ ಕೊಟ್ಟರು. ಪೆಟ್ಟಿಗೆಗೆ ಎರಡು ಮೀಸೆ ಇಟ್ಟಂಥ ಆ ಚಿತ್ರ 'ಬಾಕ್ಸ್ ಪ್ಲಾಟ್' ಎಂದು ಜಗತ್ತಿನ ಪಠ್ಯಪುಸ್ತಕಗಳಿಗೆಲ್ಲ ಹೋಯಿತು, ಟ್ಯೂಕಿಯವರ ಹೆಸರಿನಲ್ಲೇ. ಸ್ಪಿಯರ್ ಹೆಸರು ಎಷ್ಟೋ ಕಡೆ ಬಿಟ್ಟುಹೋಯಿತು.

ಕೈಗಳು ಮರೆತುಹೋಗುವುದು ನಮ್ಮ ಬೀದರಿಗೂ ಹೊಸದಲ್ಲ. ಸತು ತಾಮ್ರದ ಎರಕದಲ್ಲಿ ಗೆರೆ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಬಿದರಿ ಕೆಲಸದಲ್ಲಿ ಬಳ್ಳಿಯ ವಿನ್ಯಾಸ ಉಸ್ತಾದರ ಕೈಯಿಂದ ಶಿಷ್ಯರ ಕೈಗೆ ಬರುತ್ತದೆ. ಅದನ್ನು ಮೊದಲು ಬಿಡಿಸಿದವರ ಹೆಸರು ಜೊತೆಗೆ ಬರುವುದಿಲ್ಲ. ವಸ್ತುಸಂಗ್ರಹಾಲಯದ ಹಳೆಯ ಹೂಜಿಯ ಫಲಕದಲ್ಲಿ ಊರಿನ ಹೆಸರಿರುತ್ತದೆ. ಕುಶಲಿಗಳ ಹೆಸರು ಅಪರೂಪ.

ಕಂಪ್ಯೂಟರಿನ ಕಾಲದಲ್ಲಿ ಇದಕ್ಕೊಂದು ಬೇರೆ ದಾರಿ ತೆರೆಯಿತು. ಜಾನ್ ಹಂಟರ್ ಎಂಬ ನರವಿಜ್ಞಾನಿ ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ಚಿತ್ರದಲ್ಲಿ ನೋಡಲು ತಾವೇ ಒಂದು ತಂತ್ರಾಂಶ ಬರೆದು, 2003ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ 'ಮ್ಯಾಟ್‌ಪ್ಲಾಟ್‌ಲಿಬ್'. ಚಿತ್ರ ಬರೆಸುವ ಸಿದ್ಧ ಸೂಚನೆಗಳ ಭಂಡಾರ ಎನ್ನಬಹುದು. ಕಾಸು ಕೊಡಬೇಕಿಲ್ಲ, ಒಳಗಿನ ಬರಹ ಓದಬಹುದು, ತಿದ್ದಬಹುದು, ಹೊಸದನ್ನು ಸೇರಿಸಲೂಬಹುದು. ಹಂಟರ್ 2012ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಭಂಡಾರ ಬೆಳೆಯುತ್ತಲೇ ಹೋಯಿತು.

ಆ ಬೆಳವಣಿಗೆಯ ಒಂದು ಉದಾಹರಣೆ ನೋಡಿ. 1998ರಲ್ಲಿ ಜೆರ್ರಿ ಹಿಂಟ್ಸ್, ರೇ ನೆಲ್ಸನ್ ಎಂಬಿಬ್ಬರು ಪೆಟ್ಟಿಗೆ ಚಿತ್ರಕ್ಕೆ ಹೊಸ ಮೈ ಕೊಟ್ಟಿದ್ದರು. ಅಂಕಿಗಳು ದಟ್ಟವಾಗಿರುವಲ್ಲಿ ಅಗಲ, ವಿರಳವಾಗಿರುವಲ್ಲಿ ಸಣಕಲು, ನೋಡಲು ಪಿಟೀಲಿನಂತೆ. 2014ರಲ್ಲಿ ಹಲವರು ಸೇರಿ ಆ ಪಿಟೀಲು ಚಿತ್ರವನ್ನು ಹಂಟರ್ ಅವರ ಭಂಡಾರಕ್ಕೆ ಸೇರಿಸಿದರು. ಇಂಥ ಸೇರ್ಪಡೆ ಸುಲಭದ ಮಾತಲ್ಲ. ಬರೆದದ್ದನ್ನು ಹಳಬರು ಸಾಲುಸಾಲಾಗಿ ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ. ಮೂಡಿದ ಚಿತ್ರವನ್ನು ಮಾದರಿ ಚಿತ್ರದೊಡನೆ ಯಂತ್ರವೇ ಹೋಲಿಸಿ ತಪ್ಪು ಹಿಡಿಯುತ್ತದೆ. ಬಳಸುವ ಬಗೆಯನ್ನು ಹೊಸಬರಿಗೆ ತಿಳಿಯುವಂತೆ ಬರೆಯಬೇಕು. ಇಷ್ಟೆಲ್ಲ ದಾಟಿ ಒಳಗೆ ಬಂದ ಮೇಲೆ ಒಂದು ಲಾಭವುಂಟು: ಯಾವ ಸಾಲು ಯಾರದೆಂಬ ದಾಖಲೆ ಉಳಿಯುತ್ತದೆ. ಆ ಬದಲಾವಣೆಯ ಟಿಪ್ಪಣಿಯಲ್ಲಿ ಸೇರಿಸಿದವರ ಹೆಸರುಗಳಿವೆ. ಸ್ಪಿಯರ್‌ಗೆ ಇಂಥದೊಂದು ದಾಖಲೆಯ ಆಸರೆ ಇರಲಿಲ್ಲ.

ಇಂದು ಬೀದರಿನಲ್ಲೂ ಭಾಲ್ಕಿಯಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಓದುವ ನಮ್ಮ ಹುಡುಗಿಯರು ಈ ಭಂಡಾರವನ್ನು ಬಿಡಿಕಾಸಿಲ್ಲದೆ ತೆರೆಯಬಲ್ಲರು. ಔರಾದ್ ಮತ್ತು ಭಾಲ್ಕಿಯ ದಿನದಿನದ ಮಳೆಯ ಅಂಕಿಗಳನ್ನು ಕೊಟ್ಟರೆ ಎರಡು ಪಿಟೀಲುಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ; ಯಾವುದು ಎಲ್ಲಿ ಸಣಕಲಾಗಿದೆ ಎಂಬುದು ಅಕ್ಷರ ಬಾರದ ಅಜ್ಜಿಗೂ ಗೊತ್ತಾಗುತ್ತದೆ. ಒಂದು ಮನೆಯಲ್ಲಿ ನೀರು ತರುವವರು ಯಾರು, ಎಷ್ಟು ಹೊತ್ತು, ಎಷ್ಟು ದೂರ ಎಂಬುದನ್ನೆಲ್ಲ ಒಟ್ಟಿಗೆ ತೋರಿಸಲು ತಕ್ಕ ಚಿತ್ರ ಬೇಕಾದೀತು. ಅದನ್ನು ನೀರು ಹೊತ್ತ ಮನೆಯ ಮಗಳೇ ಬರೆಯಲಿ. ತನ್ನ ಹೆಸರನ್ನೂ ಜೊತೆಗೆ ಬರೆದಿಡಲಿ.