ನಾಲ್ಕರಲ್ಲಿ ಮೂವತ್ತು ಗುಂಟೆ ಖರಾಬು

ಅಪ್ಪನ ಡೆಸ್ಕ್‌ಟಾಪ್ 2010ರದ್ದು. ಅದರಲ್ಲಿದ್ದ ಮೆಮೊರಿ 2 ಜಿಬಿ. ಸರ್ವೆ ಇಲಾಖೆಯಿಂದ ರಿಟೈರ್ ಆದಮೇಲೆ ಅವರು ಅಜ್ಜನ ದಿನಚರಿಗಳನ್ನು ಸ್ಕ್ಯಾನ್ ಮಾಡಿ, ಪಕ್ಕದಲ್ಲೇ ಟೈಪ್ ಮಾಡೋ ಕೆಲಸ ಹಿಡಿದಿದ್ದಾರೆ. ಅಜ್ಜನ ಕೈಬರಹ ಓದಬಲ್ಲವರು ಮನೇಲಿ ಈಗ ಅವರೊಬ್ಬರೇ. ಫೈಲು ಮುನ್ನೂರು ಪುಟ ದಾಟಿದ ಮೇಲೆ ಮಷೀನು ನಿಂತಲ್ಲೇ ನಿಲ್ಲೋಕೆ ಶುರುವಾಯ್ತು.

"ಹೊಸದು ತಗೊಳ್ಳೋಣ ಬಿಡಿ ಅಪ್ಪ" ಅಂದೆ.

"ಹೊಸದನ್ನ ಕಲಿಯೋ ಹೊತ್ತಿಗೆ ನನ್ನ ಕಣ್ಣು ಇರತ್ತೋ ಇಲ್ವೋ. ಇದನ್ನೇ ಸರಿ ಮಾಡಿಕೊಡು" ಅಂದ್ರು. ಆಗಲೇ ಒಂದು ಕಣ್ಣಿಗೆ ಆಪರೇಷನ್ ಆಗಿತ್ತು.

ಹತ್ತು ವರ್ಷದಿಂದ ಸಾಫ್ಟ್‌ವೇರಿನಲ್ಲೇ ಇರೋ ನನಗೆ ಮೆಮೊರಿ ಹಾಕೋದು ಯಾವ ಲೆಕ್ಕ? 4 ಜಿಬಿಯ ಎರಡು ಡಿಡಿಆರ್3 ಸ್ಟಿಕ್ ತರಿಸಿ, ಕ್ಲಿಪ್ ಕೂರಿಸಿ, ಸ್ವಿಚ್ ಒತ್ತಿದೆ. ಬೀಪ್ ಬೀಪ್ ಅಂತು, ಪರದೆ ಮಾತ್ರ ಕತ್ತಲು.

ಎಸ್‌ಪಿ ರೋಡಿನ ಒಂದು ಅಂಗಡಿಗೆ ತಗೊಂಡು ಹೋದೆ. ಅಲ್ಲಿನ ಹುಡುಗ ಬೋರ್ಡಿನ ಮಾಡೆಲ್ ಕೇಳಿದ, ನನ್ನ ಸ್ಟಿಕ್ಕನ್ನ ತಿರುಗಿಸಿ ನೋಡಿದ. "ಸಾರ್, ಇದು ಎಂಟು ಚಿಪ್ಪಿಂದು. ನಿಮ್ಮ ಬೋರ್ಡಿಗೆ ಹದಿನಾರು ಚಿಪ್ಪಿಂದೇ ಬೇಕು" ಅಂದ. ಎರಡೂ 4 ಜಿಬಿಯೇ! ಮನೆಗೆ ಬಂದು ಓದಿದ ಮೇಲೆ ಅರ್ಥವಾಯ್ತು. ಎಂಟು ಚಿಪ್ಪಿನದ್ದರಲ್ಲಿ ಒಂದೊಂದು ಚಿಪ್ಪೂ 4 ಗಿಗಾಬಿಟ್. ಅದರೊಳಗಿನ ಸಾಲುಗಳಿಗೆ ವಿಳಾಸ ಹೇಳೋಕೆ 16 ತಂತಿ ಬೇಕು. ಹದಿನಾರು ಚಿಪ್ಪಿನದ್ದರಲ್ಲಿ ಒಂದೊಂದೂ 2 ಗಿಗಾಬಿಟ್, 15 ತಂತಿ ಸಾಕು. ಅಪ್ಪನ ಬೋರ್ಡು ಎಣಿಸಬಲ್ಲದ್ದು 15ರವರೆಗೆ ಮಾತ್ರ. ಒಂದು ತಂತಿ ಕಡಿಮೆ, ಅಷ್ಟೇ.

ಹದಿನಾರು ಚಿಪ್ಪಿನ ಜೋಡಿ ಹಾಕಿದೆ. ಮಷೀನು ಎದ್ದಿತು. ಆದರೆ ವಿಂಡೋಸ್ ಹೇಳಿದ್ದು: ಇರೋದು 8 ಜಿಬಿ, ಬಳಸಬಹುದಾದ್ದು 3.25 ಜಿಬಿ. ಅಪ್ಪ ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಮಿಕ್ಕಿದ್ದು ಎಲ್ಲಿ ಹೋಯ್ತೋ?"

ಆ ಪ್ರಶ್ನೆಗೆ ಉತ್ತರ 1981ರಿಂದ ಶುರುವಾಗತ್ತೆ. ಆ ವರ್ಷದ ಆಗಸ್ಟಿನಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಿತು. ಅದರೊಳಗಿದ್ದ ಇಂಟೆಲ್ 8088 ಪ್ರೊಸೆಸರಿಗೆ 20 ವಿಳಾಸ ತಂತಿಗಳು. ಒಂದು ತಂತಿ ಹೆಚ್ಚಾದರೆ ಮನೆ ನಂಬರುಗಳು ಎರಡರಷ್ಟಾಗುತ್ತವೆ, ಹಾಗೆ 20 ತಂತಿಗೆ 10,48,576 ನಂಬರು, ಅಂದರೆ 1 ಎಂಬಿ. ಅದರಲ್ಲಿ ಮೇಲಿನ 384 ಕೆಬಿ ನಂಬರುಗಳನ್ನು ಪರದೆಗೆ, ಬಯೋಸಿಗೆ, ಮುಂದೆ ಸೇರೋ ಕಾರ್ಡುಗಳಿಗೆ ಅಂತ ಐಬಿಎಂ ತೆಗೆದಿಟ್ಟಿತು. ಪ್ರೋಗ್ರಾಮುಗಳಿಗೆ ಉಳಿದದ್ದು 640 ಕೆಬಿ. ಆಗ ಅದು ದೊಡ್ಡ ಜಾಗವೇ. ಅತಿ ಅಗ್ಗದ ಐಬಿಎಂ ಪಿಸಿ ಬರುತ್ತಿದ್ದದ್ದು 16 ಕೆಬಿಯೊಂದಿಗೆ. ಕೆಲವೇ ವರ್ಷಗಳಲ್ಲಿ ಅದೇ 640ರ ಗೋಡೆಗೆ ಎಲ್ಲರೂ ತಲೆ ಚಚ್ಚಿಕೊಳ್ಳತೊಡಗಿದರು.

1985ರಲ್ಲಿ ಇಂಟೆಲ್ 80386 ಬಂತು. 32 ಬಿಟ್‌ಗಳ ವಿಳಾಸ, 4,29,49,67,296 ನಂಬರು, 4 ಜಿಬಿ. ಮೆಮೊರಿಯನ್ನು ಕೆಬಿ, ಎಂಬಿಗಳಲ್ಲಿ ಕೊಳ್ಳುತ್ತಿದ್ದ ಕಾಲದಲ್ಲಿ ಮನೆಯ ಕಂಪ್ಯೂಟರು ಇಷ್ಟನ್ನ ತುಂಬುತ್ತೆ ಅಂತ ಯಾರು ಅಂದುಕೊಂಡಾರು! ಆದರೆ 1981ರ ಪದ್ಧತಿ ಬದಲಾಗಲಿಲ್ಲ. ಪರದೆಯ ಕಾರ್ಡು, ನೆಟ್‌ವರ್ಕು, ಬಯೋಸು ಎಲ್ಲಕ್ಕೂ 4 ಜಿಬಿಯ ಮೇಲ್ತುದಿಯಲ್ಲೇ ನಂಬರು ಕೊಡುತ್ತಾ ಹೋದರು.

1995ರ ಪೆಂಟಿಯಂ ಪ್ರೊ ಇನ್ನೂ ನಾಲ್ಕು ತಂತಿ ಸೇರಿಸಿತು, 64 ಜಿಬಿವರೆಗೆ ದಾರಿಯಾಯ್ತು. ಕೆಲವು ಸರ್ವರ್ ವಿಂಡೋಸ್‌ಗಳು ಅದನ್ನು ಬಳಸಿದವು. ಮನೆಯ 32 ಬಿಟ್ ವಿಂಡೋಸ್ ಮಾತ್ರ 4 ಜಿಬಿಯಲ್ಲೇ ನಿಂತಿತು, ಯಾಕಂದ್ರೆ ಅದರಾಚೆಯ ನಂಬರು ಕಂಡರೆ ಎಷ್ಟೋ ಡ್ರೈವರುಗಳು ಕುಸಿದು ಬೀಳುತ್ತಿದ್ದವು.

ಇಷ್ಟನ್ನೂ ಅಪ್ಪನಿಗೆ ಹೇಳೋಕೆ ನನ್ನ ಮೀಟಿಂಗ್ ಭಾಷೆ ಸಾಲಲಿಲ್ಲ. ತಡವರಿಸ್ತಾ ಇದ್ದಾಗ ಅವರೇ ತಡೆದರು.

"ಅಂದ್ರೆ ಆಕಾರಬಂದಿನಲ್ಲಿ ಇರೋದು ನಾಲ್ಕು ಎಕರೆ. ಅದರಲ್ಲಿ ರಸ್ತೆ, ಹಳ್ಳ ಅಂತ ಮೂವತ್ತು ಗುಂಟೆ ಖರಾಬು. ಸಾಗುವಳಿಗೆ ಸಿಕ್ಕಿದ್ದು ಮೂರು ಎಕರೆ ಹತ್ತು ಗುಂಟೆ. ನೀನು ತಂದ ಮಿಕ್ಕ ನಾಲ್ಕು ಎಕರೆಗೆ ಸರ್ವೆ ನಂಬರೇ ಬಿದ್ದಿಲ್ಲ. ಸರಿಯೇನೋ?"

ನಲವತ್ತು ಗುಂಟೆಗೆ ಒಂದು ಎಕರೆ. ಮೂರು ಎಕರೆ ಹತ್ತು ಗುಂಟೆ ಅಂದರೆ ಸರಿಯಾಗಿ 3.25. ನಾನು ಬಾಯಿಬಿಟ್ಟುಕೊಂಡು ನೋಡಿದೆ.

ಮೂರನೇ ಸಲ ಅಳತೆ ಹಾಕಿದ್ದು ಎಎಂಡಿ. 2003ರಲ್ಲಿ ಬಂದ ಅದರ ಆಪ್ಟೆರಾನ್, ಹಳೇ 32 ಬಿಟ್ ಪ್ರೋಗ್ರಾಮುಗಳನ್ನೂ ಓಡಿಸುತ್ತಾ 64 ಬಿಟ್ಟಿಗೆ ಬಾಗಿಲು ತೆರೆಯಿತು. ಇಂಟೆಲ್ ಕೂಡ ಮರುವರ್ಷ ಅದೇ ದಾರಿಗೆ ಬಂತು. ಹೀಗಾಗಿ ಅಪ್ಪನ 2010ರ ಪ್ರೊಸೆಸರಿಗೆ 64 ಬಿಟ್ ಗೊತ್ತಿತ್ತು. ಇಷ್ಟು ವರ್ಷ ಅದನ್ನ ಯಾರೂ ಕೇಳಿರಲಿಲ್ಲ, ಅಷ್ಟೇ.

ಮೊದಲು ದಿನಚರಿಯ ಫೈಲುಗಳನ್ನು ಎರಡು ಕಡೆ ಕಾಪಿ ಮಾಡಿದೆ. 32ರಿಂದ 64ಕ್ಕೆ ಹಾಗೇ ದಾಟೋಕೆ ಆಗಲ್ಲ, ವಿಂಡೋಸನ್ನು ಹೊಸದಾಗಿಯೇ ಹಾಕಬೇಕು. ಭಯ ಇದ್ದದ್ದು ಸ್ಕ್ಯಾನರಿನ ಬಗ್ಗೆ. ಅದಕ್ಕೆ 64 ಬಿಟ್ ಡ್ರೈವರ್ ಸಿಗದಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಸಿಕ್ಕಿತು. ಬಯೋಸಿನಲ್ಲಿ ಮೆಮೊರಿ ರೀಮ್ಯಾಪ್ ಅನ್ನೋದನ್ನ ಆನ್ ಮಾಡಿದೆ. ಖರಾಬಿನಡಿ ಸಿಕ್ಕಿಬಿದ್ದ ಮೆಮೊರಿಗೆ 4 ಜಿಬಿಯಾಚೆ ಹೊಸ ನಂಬರು ಕೊಡೋದು ಅದರ ಕೆಲಸ. ಈ ಸಲ ಎಂಟೂ ಜಿಬಿ ಲೆಕ್ಕಕ್ಕೆ ಬಂತು.

640 ಕೆಬಿ ಇಟ್ಟವರನ್ನ ನಾವು ಆಫೀಸಿನಲ್ಲಿ ಎಷ್ಟು ಸಲ ಆಡಿಕೊಂಡು ನಕ್ಕಿದ್ದೀವಿ! ಅವರು ದಡ್ಡರಲ್ಲ. ಒಂದೊಂದು ತಂತಿಗೂ ಕಾಸು ಲೆಕ್ಕ ಹಾಕಿ, ಕಣ್ಣಿಗೆ ಕಂಡಷ್ಟು ದೂರ ಅಳೆದರು. ಹೋದ ವಾರ ನಾನೇ ಒಂದು ಡೇಟಾಬೇಸಿನ ಐಡಿಗೆ "32 ಬಿಟ್ ಸಾಕು" ಅಂತ ಬರೆದು ಮುಗಿಸಿದ್ದೆ. ಯಾಕೆ ಸಾಕು ಅಂತ ಬರೆದಿರಲಿಲ್ಲ. ಸೋಮವಾರ ಹೋಗಿ ಕಾರಣವನ್ನೂ ಸೇರಿಸಿದೆ.

ಅಪ್ಪ ಈಗ ನಾನೂರ ಹನ್ನೆರಡನೇ ಪುಟದಲ್ಲಿದ್ದಾರೆ. ಮಷೀನು ನಿಂತಿಲ್ಲ. ಎರಡನೇ ಕಣ್ಣಿನ ಆಪರೇಷನ್ ಮುಂದಿನ ತಿಂಗಳು.